ಗಾಳಿ ಎಲ್ಲಿಗೆ ಮುಗಿಯುತ್ತದೆ?

2023ರ ಜುಲೈ 14ರ ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಚಂದ್ರಯಾನ-3ನ್ನು ಹೊತ್ತು ಶ್ರೀಹರಿಕೋಟದಿಂದ ಎದ್ದ ಎಲ್‌ವಿಎಂ3 ರಾಕೆಟ್, ಮೂರೂಕಾಲು ನಿಮಿಷ ಆಗುವಷ್ಟರಲ್ಲಿ ತನ್ನ ನೆತ್ತಿಯ ಕವಚವನ್ನು ಎರಡು ಹೋಳು ಮಾಡಿ ಎಸೆಯಿತು. ಆಗ ಅದು ಸುಮಾರು 115 ಕಿ.ಮೀ. ಎತ್ತರದಲ್ಲಿತ್ತು. ಟಿವಿಯಲ್ಲಿ ಉಡಾವಣೆ ನೋಡುವವರ ಕಣ್ಣು ಬೆಂಕಿ, ಹೊಗೆ, ಕೊನೆಯ ಚಪ್ಪಾಳೆಯ ಮೇಲಿರುತ್ತದೆ. ನನ್ನನ್ನು ಕೇಳಿದರೆ ಅತಿ ಕುತೂಹಲದ ಗಳಿಗೆ ಈ ಕವಚ ಕಳಚುವುದೇ. ‘ನಮ್ಮ ಮಟ್ಟಿಗೆ ಗಾಳಿ ಇಲ್ಲಿಗೆ ಮುಗಿಯಿತು’ ಎಂದು ಎಂಜಿನಿಯರುಗಳು ತೀರ್ಪು ಕೊಡುವ ಜಾಗ ಅದು.

ತೀರ್ಪಿಗೆ ಆಧಾರವೂ ಇದೆ. ಒಳಗಿರುವ ನೌಕೆಯನ್ನು ಗಾಳಿಯ ಒತ್ತಡದಿಂದ, ಉಜ್ಜಾಟದ ಬಿಸಿಯಿಂದ ಕಾಯುವುದು ಕವಚದ ಕೆಲಸ. ಮೇಲೇರಿದಂತೆ ಗಾಳಿ ತೆಳುವಾಗುತ್ತ ಹೋಗುತ್ತದೆ. ಆ ಬಿಸಿ ಚದರ ಮೀಟರಿಗೆ 1135 ವ್ಯಾಟ್‌ಗಿಂತ ಕೆಳಗಿಳಿದರೆ ಕವಚ ಕಳಚಬಹುದು ಎಂಬುದು ಉಡಾವಣೆ ಮಾಡುವವರಲ್ಲಿ ರೂಢಿಯಾಗಿರುವ ಲೆಕ್ಕ. ಅಲ್ಲಿ ಬೀಳುವ ಬಿಸಿಲೇ ಚದರ ಮೀಟರಿಗೆ ಸುಮಾರು 1361 ವ್ಯಾಟ್. ಗಾಳಿಯ ಕಾಟ ಬಿಸಿಲಿಗಿಂತ ಕಡಿಮೆಯಾದ ಮೇಲೆ ಕವಚ ಹೊರುವುದು ದಂಡ.

ಪುಸ್ತಕಗಳಲ್ಲಿರುವ ಗಡಿ ಬೇರೆ: 100 ಕಿ.ಮೀ. ಎತ್ತರದ ಕಾರ್ಮಾನ್ ರೇಖೆ. ಹಂಗೇರಿ ಮೂಲದ ವಿಜ್ಞಾನಿ ಥಿಯೋಡರ್ ಫಾನ್ ಕಾರ್ಮಾನ್ ಅವರ ವಾದ ಸರಳ. ಗಾಳಿ ತೆಳುವಾದಷ್ಟೂ ವಿಮಾನ ತೇಲಲು ಇನ್ನಷ್ಟು ವೇಗ ಬೇಕು. ಒಂದು ಎತ್ತರದಲ್ಲಿ ಆ ವೇಗ ಉಪಗ್ರಹದ ವೇಗಕ್ಕೇ ಸಮವಾಗುತ್ತದೆ, ಅಲ್ಲಿಂದಾಚೆ ರೆಕ್ಕೆಗೆ ಕೆಲಸವಿಲ್ಲ. ಅಮೆರಿಕದ ವಾಯುಪಡೆಯಾದರೋ 80 ಕಿ.ಮೀ. ದಾಟಿದವರನ್ನೇ ಗಗನಯಾತ್ರಿ ಎಂದು ಒಪ್ಪುತ್ತದೆ. ಹೀಗೆ ಗೆರೆ ಎಳೆದವರು ನಾವು; ನಿಸರ್ಗ ಅಲ್ಲೇನೂ ಬೇಲಿ ಹಾಕಿಲ್ಲ. ವಾತಾವರಣದ ಅರ್ಧ ತೂಕ ಕೆಳಗಿನ ಐದೂವರೆ ಕಿ.ಮೀ.ಯಲ್ಲೇ ಇದೆ, ನೂರಕ್ಕೆ 99 ಪಾಲು ಸುಮಾರು 30 ಕಿ.ಮೀ. ಒಳಗೆ.

ನೂರು ಕಿ.ಮೀ. ಎಂದರೆ ಬೆಂಗಳೂರಿನಿಂದ ಮಂಡ್ಯಕ್ಕೆ ಹೋದಷ್ಟು. ಅಷ್ಟಕ್ಕೆ 640 ಟನ್ ತೂಕದ ರಾಕೆಟ್ ಏಕೆ ಬೇಕು? ಮೇಲೇರುವುದು ಇಲ್ಲಿ ಸಣ್ಣ ಕೆಲಸ, ಮೇಲೆ ಉಳಿಯುವುದು ದೊಡ್ಡದು. ಒಂದು ಕಿಲೋ ತೂಕವನ್ನು 100 ಕಿ.ಮೀ. ಎತ್ತಲು ಸುಮಾರು 10 ಲಕ್ಷ ಜೂಲ್ ಶಕ್ತಿ ಸಾಕು. ಅದೇ ಒಂದು ಕಿಲೋ ಕೆಳಗೆ ಬೀಳದೆ ಭೂಮಿಯನ್ನು ಸುತ್ತುತ್ತಿರಬೇಕಾದರೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಅಡ್ಡವೇಗ ಕೊಡಬೇಕು, ಅದಕ್ಕೆ ಮೂರು ಕೋಟಿ ಜೂಲ್. ಮೂವತ್ತು ಪಟ್ಟು! ಇತಿಹಾಸವೂ ಇದನ್ನೇ ಹೇಳುತ್ತದೆ. ಜರ್ಮನಿಯ ವಿ-2 ರಾಕೆಟ್ 1944ರಲ್ಲೇ 100 ಕಿ.ಮೀ. ದಾಟಿತ್ತು, ದಾಟಿ ವಾಪಸ್ ಬಿತ್ತು. ಬೀಳದೆ ಸುತ್ತಿದ ಮೊದಲ ವಸ್ತು ಸ್ಪುಟ್ನಿಕ್ ಬಂದದ್ದು 1957ರ ಅಕ್ಟೋಬರ್‌ನಲ್ಲಿ.

ಅಡ್ಡವೇಗವೇ ಮುಖ್ಯವಾದರೆ ಮೊದಲಿಗೇ ಅಡ್ಡ ಹೋಗಬಾರದೇಕೆ? ಕೆಳಗಿನ ದಟ್ಟ ಗಾಳಿಯಲ್ಲಿ ಆ ವೇಗ ಪಡೆದರೆ ರಾಕೆಟ್ ಮುರಿದು, ಸುಟ್ಟು ಹೋಗುತ್ತದೆ. ಆದ್ದರಿಂದ ಮೊದಲು ನೆಟ್ಟಗೆ ಏರಿ ದಟ್ಟ ಗಾಳಿಯಿಂದ ಪಾರಾಗಿ, ಹೋಗುತ್ತ ಹೋಗುತ್ತ ಪೂರ್ವಕ್ಕೆ ಬಾಗುವುದು ಪದ್ಧತಿ. ಪೂರ್ವವೇ ಏಕೆಂದರೆ ಭೂಮಿ ತಿರುಗುವುದು ಆ ಕಡೆಗೆ. ಶ್ರೀಹರಿಕೋಟದ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಲೇ ಇದೆ, ಅಷ್ಟು ವೇಗ ಪುಕ್ಕಟೆ. ಆ ದಿಕ್ಕಿಗೆ ಬಂಗಾಳ ಕೊಲ್ಲಿ ಇರುವುದರಿಂದ ಕಳಚಿದ ಭಾಗಗಳು ಯಾರ ಮನೆ ಮೇಲೂ ಬೀಳುವುದಿಲ್ಲ.

ಎಲ್‌ವಿಎಂ3ರ ಅಕ್ಕಪಕ್ಕದಲ್ಲಿ ನಿಂತಿರುವ ಎರಡು ದಪ್ಪ ಕೊಳವೆಗಳೇ ಎಸ್200 ಬೂಸ್ಟರುಗಳು. ಒಂದೊಂದರಲ್ಲೂ 200 ಟನ್ನಿಗೂ ಮಿಕ್ಕಿದ ಘನ ಇಂಧನ. ಎರಡು ನಿಮಿಷದಲ್ಲಿ ಅಷ್ಟೂ ಉರಿದು, ಸುಮಾರು 62 ಕಿ.ಮೀ. ಎತ್ತರದಲ್ಲಿ ಖಾಲಿ ಕೊಳವೆಗಳು ಕಳಚಿಕೊಂಡವು. ಅಷ್ಟರಲ್ಲಾಗಲೇ ನಡುವಿನ ದ್ರವ ಇಂಧನದ ಹಂತ ಹೊತ್ತಿಕೊಂಡಿತ್ತು, ಅದೂ ಮುಗಿದ ಮೇಲೆ ಅತಿ ತಣ್ಣಗಿನ ದ್ರವ ಇಂಧನದ ಕ್ರಯೋಜೆನಿಕ್ ಹಂತದ ಸರದಿ. ಖಾಲಿಯಾದ ತೊಟ್ಟಿಯನ್ನು ಎಳೆದುಕೊಂಡು ಹೋಗುವುದು ವ್ಯರ್ಥ ಎಂಬ ಒಂದೇ ಕಾರಣಕ್ಕೆ ಇಷ್ಟೆಲ್ಲ ಹಂತ. ಹದಿನಾರು ನಿಮಿಷದ ಕೊನೆಗೆ ಉಳಿದದ್ದು 3,900 ಕಿಲೋ ತೂಕದ ನೌಕೆ, ಎದ್ದ ತೂಕದ ನೂರರಲ್ಲಿ ಒಂದು ಪಾಲೂ ಇಲ್ಲ. ಬೇರ್ಪಟ್ಟಾಗ ಅದರ ಎತ್ತರ 180 ಕಿ.ಮೀ.ಗೆ ಹತ್ತಿರ, ವೇಗ ಮಾತ್ರ ಸೆಕೆಂಡಿಗೆ 10 ಕಿ.ಮೀ.ಗೂ ಹೆಚ್ಚು.

ಅಷ್ಟು ಮೇಲೆ ಗುರುತ್ವ ಇಲ್ಲ ಎಂದು ಇವತ್ತಿಗೂ ನಂಬಿದವರಿದ್ದಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ 400 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದ ಮೇಲಿರುವುದರ ನೂರಕ್ಕೆ ಸುಮಾರು 90 ಪಾಲು ಇದ್ದೇ ಇದೆ. ನಿಲ್ದಾಣ, ಒಳಗಿನ ಜನ, ಅವರ ಸಾಮಾನು ಎಲ್ಲವೂ ಒಟ್ಟಿಗೆ ಬೀಳುತ್ತಲೇ ಇವೆ, ಅಡ್ಡವೇಗ ಎಷ್ಟಿದೆಯೆಂದರೆ ನೆಲವೇ ಕೈಗೆ ಸಿಗುತ್ತಿಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಮೊಳಕೆಯೊಡೆದ ಹೆಸರುಕಾಳು ಮತ್ತು ಮೆಂತ್ಯ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದವು. ಆ ಕಾಳುಗಳು ಬೇರು ಬಿಟ್ಟದ್ದೂ ಬೀಳುತ್ತ ಬೀಳುತ್ತಲೇ.

ಇನ್ನು ಗಾಳಿ. ಎಂಜಿನಿಯರುಗಳು ಮುಗಿಯಿತು ಎಂದರೂ ಅದು ಮುಗಿದಿರುವುದಿಲ್ಲ. ನಿಲ್ದಾಣಕ್ಕೂ ಅಳಿದುಳಿದ ಗಾಳಿ ತಡೆಯೊಡ್ಡಿ ಕೆಳಕ್ಕಿಳಿಸುತ್ತದೆ, ಆಗಾಗ ಎಂಜಿನ್ ಉರಿಸಿ ಮೇಲಕ್ಕೆ ತಳ್ಳಬೇಕು. 2022ರ ಫೆಬ್ರುವರಿಯಲ್ಲಿ ಸೂರ್ಯನಿಂದ ಬಂದ ಕಣಗಳ ಅಬ್ಬರಕ್ಕೆ ಮೇಲಿನ ವಾತಾವರಣ ಕಾದು ಉಬ್ಬಿತು. ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ಆ ತಡೆಗೆ ಸೋತು ಬಿದ್ದು ಸುಟ್ಟುಹೋದವು. ಇನ್ನೂ ಸೋಜಿಗದ್ದು ಸೋಹೊ ನೌಕೆಯ ದತ್ತಾಂಶದಿಂದ 2019ರಲ್ಲಿ ಹೊರಬಂತು: ಭೂಮಿಯ ಹೈಡ್ರೋಜನ್ ಮುಸುಕು ಸುಮಾರು 6.3 ಲಕ್ಷ ಕಿ.ಮೀ.ವರೆಗೆ ಹಬ್ಬಿದೆ. ಚಂದ್ರ ಇರುವುದು 3.84 ಲಕ್ಷ ಕಿ.ಮೀ. ದೂರದಲ್ಲಿ. ಲೆಕ್ಕಕ್ಕೆ ಹಿಡಿದು ಕೂತರೆ ಚಂದ್ರಯಾನ ವಾತಾವರಣ ಬಿಟ್ಟು ಹೋಗಲೇ ಇಲ್ಲ!

ಆ ಮುಸುಕಿನೊಳಗೇ ಭೂಮಿಯ ಕಾಂತಕ್ಷೇತ್ರ ಹಿಡಿದಿಟ್ಟ ವಿದ್ಯುತ್ ಕಣಗಳ ಪಟ್ಟಿಗಳಿವೆ. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರಲ್ಲಿ ವಿಜ್ಞಾನಿ ಜೇಮ್ಸ್ ವ್ಯಾನ್ ಅಲೆನ್ ಇಟ್ಟಿದ್ದ, ವಿಕಿರಣ ಎಣಿಸುವ ಗೈಗರ್ ಕೌಂಟರ್ ಅವುಗಳ ಸುಳಿವು ಕೊಟ್ಟಿತು. ಚಂದ್ರನಾಚೆಗೂ ಹೋದರೆ ಸಿಗುವುದು ಸೌರ ಮಾರುತ, ಅಂದರೆ ಸೂರ್ಯನಿಂದ ಸದಾ ಹೊಮ್ಮುವ ಕಣಗಳ ಹರಿವು. ಒಂದು ಘನ ಸೆಂಟಿಮೀಟರಿನಲ್ಲಿ ಬೆರಳೆಣಿಕೆಯ ಕಣಗಳು, ವೇಗ ಸೆಕೆಂಡಿಗೆ 400 ಕಿ.ಮೀ. ಆಸುಪಾಸು. 15 ಲಕ್ಷ ಕಿ.ಮೀ. ದೂರದಲ್ಲಿ ನಿಂತಿರುವ ಆದಿತ್ಯ-ಎಲ್1 ನೌಕೆಯ ಉಪಕರಣಗಳು ಅಳೆಯುವುದರಲ್ಲಿ ಇದೂ ಒಂದು. ಈ ಮಾರುತದ ಆಳ್ವಿಕೆ ಮುಗಿಯುವ ಗಡಿಯನ್ನು ಅಮೆರಿಕದ ವಾಯೇಜರ್-1 ನೌಕೆ ದಾಟಿದ್ದು 2012ರಲ್ಲಿ, ಹೊರಟು 35 ವರ್ಷವಾದ ಮೇಲೆ. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಘನ ಸೆಂಟಿಮೀಟರಿಗೆ ಸರಾಸರಿ ಒಂದು ಪರಮಾಣು. ಬೆಳಕಿನ ಕಣಗಳಿಗೆ ಮಾತ್ರ ಬರವಿಲ್ಲ: ವಿಶ್ವದ ಬಾಲ್ಯದ ಮೈಕ್ರೋವೇವ್ ಬೆಳಕೇ ಪ್ರತಿ ಘನ ಸೆಂಟಿಮೀಟರಿನಲ್ಲಿ 400ಕ್ಕೂ ಹೆಚ್ಚು ಫೋಟಾನುಗಳಷ್ಟಿದೆ.

ಇವೆಲ್ಲದರ ನಡುವೆ ವಿಶ್ವಕಿರಣಗಳು ಎಲ್ಲ ದಿಕ್ಕಿನಿಂದ ನುಗ್ಗುತ್ತಿರುತ್ತವೆ. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಪರಮಾಣು ಬೀಜಗಳಿವು, ನೌಕೆಯ ಕಂಪ್ಯೂಟರ್ ಚಿಪ್‌ಗೆ ಬಡಿದರೆ ಮೆಮೊರಿಯಲ್ಲಿನ ‘0’ ಅಂಕೆ ‘1’ ಆಗಿಬಿಡಬಹುದು. ನಮ್ಮ ನೆತ್ತಿಯ ಮೇಲಿನ ಗಾಳಿಗೆ ಬಡಿದಾಗ ಹೊಸ ಕಣಗಳು ಚದುರುತ್ತವೆ, ಅವುಗಳಲ್ಲಿ ಬಂಡೆಯನ್ನೂ ಸಲೀಸಾಗಿ ಹಾಯ್ದು ಹೋಗುವ ನ್ಯೂಟ್ರಿನೊ ಎಂಬ ಕಣಗಳೂ ಸೇರಿವೆ. ಉಳಿದ ಕಣಗಳ ಗದ್ದಲ ತಪ್ಪಿಸಿ ಇವನ್ನು ಹಿಡಿಯಲು ರಾಕೆಟ್ ಏರಿ ಹೋಗಿ ಪ್ರಯೋಜನವಿಲ್ಲ, ಭೂಮಿಯೊಳಕ್ಕೆ ಇಳಿಯಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ತಂಡಗಳ ಜೊತೆ ಸೇರಿ ಹಾಗೆ ಇಳಿದದ್ದು ಕೋಲಾರದ ಚಿನ್ನದ ಗಣಿಗೆ. ನೆಲದಿಂದ ಎರಡು ಕಿ.ಮೀ.ಗೂ ಹೆಚ್ಚು ಕೆಳಗೆ, 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು.