ಹಿಮೋಗ್ಲೋಬಿನ್ ರೂಪಾಂತರಗಳು: ಮುರಿದ ಬಂಧ ಯಾವ ಸ್ಥಿತಿಯದು?

ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್, ಎರಡು ಆಲ್ಫಾ ಮತ್ತು ಎರಡು ಬೀಟಾ ಸರಪಳಿ ಸೇರಿದ ಪ್ರೋಟೀನ್. ಅದರಲ್ಲಿ ಅಮೈನೋ ಆಮ್ಲ ಯಾವುದು ಬದಲಾಯಿತು ಅನ್ನುವುದಕ್ಕಿಂತ ಮೊದಲು ಅದು ಎಲ್ಲಿ ಕೂತಿತ್ತು ಅಂತ ನೋಡಿ: ಮೇಲ್ಮೈಯಲ್ಲೋ, ಹೀಮ್ (ಆಮ್ಲಜನಕ ಹಿಡಿಯುವ, ಕಬ್ಬಿಣವಿರುವ ಭಾಗ) ಪಕ್ಕದಲ್ಲೋ, ಸರಪಳಿಗಳು ತಾಗುವ ಸಂಧಿಯಲ್ಲೋ.

ಮೇಲ್ಮೈ

ಎಚ್‌ಬಿ-ಎಸ್‌ನಲ್ಲಿ (ಎಚ್‌ಬಿ ಅಂದರೆ ಹಿಮೋಗ್ಲೋಬಿನ್) ಬೀಟಾ 6ರ, ಅಂದರೆ ಬೀಟಾ ಸರಪಳಿಯ 6ನೇ ಸ್ಥಾನದ, ಗ್ಲುಟಮೇಟ್ ಹೋಗಿ ವ್ಯಾಲೀನ್ ಬಂದಿದೆ. (ಕೆಲವು ವರದಿಗಳಲ್ಲಿ 7 ಅಂತಿದ್ದರೆ ಗಾಬರಿ ಬೇಡ, ಆರಂಭದ ಮೆಥಿಯೊನೀನನ್ನೂ ಎಣಿಸಿದ್ದಾರೆ ಅಷ್ಟೇ.) ನೀರಿಗೆ ಒಗ್ಗದ ಈ ವ್ಯಾಲೀನ್, ಪಕ್ಕದ ಅಣುವಿನ ಬೀಟಾ ಸರಪಳಿಯಲ್ಲಿ ಫಿನೈಲಾಲನೀನ್ 85 ಮತ್ತು ಲ್ಯೂಸೀನ್ 88 ಸೇರಿ ಮಾಡಿದ ಗುಳಿಯೊಳಗೆ ಕೂರುತ್ತದೆ. ಆ ಗುಳಿ ಸಿಗುವುದು ಆಮ್ಲಜನಕ ಬಿಟ್ಟುಕೊಟ್ಟ ರೂಪದಲ್ಲಿ. ಆದ್ದರಿಂದಲೇ ಆಮ್ಲಜನಕ ಇಳಿದಾಗ ಅಣುಗಳು ಎಳೆಗಟ್ಟಿ ಕಣ ಕುಡಗೋಲಾಗುತ್ತದೆ.

ಪಿಎಚ್ 8.6ರ ಎಲೆಕ್ಟ್ರೋಫೊರೆಸಿಸ್‌ನಲ್ಲಿ (ವಿದ್ಯುತ್ ಹಾಯಿಸಿ, ಆವೇಶ ನೋಡಿ ಪ್ರೋಟೀನ್ ಬೇರ್ಪಡಿಸುವ ಪರೀಕ್ಷೆ) ಎಸ್, ಸಾಮಾನ್ಯ ಹಿಮೋಗ್ಲೋಬಿನ್‌ಗಿಂತ ಹಿಂದೆ ಬೀಳುವುದು ಎರಡು ಬೀಟಾಗಳಿಂದ ಎರಡು ಋಣ ಆವೇಶ ಹೋದದ್ದಕ್ಕೆ. ಡಿ-ಪಂಜಾಬ್‌ನಲ್ಲೂ (ಬೀಟಾ 121, ಗ್ಲುಟಮೇಟ್ ಬದಲು ಗ್ಲುಟಮೀನ್) ಹೋಗುವುದು ಎರಡೇ, ಹಾಗಾಗಿ ಎರಡೂ ಒಂದೇ ಪಟ್ಟಿಯಲ್ಲಿ ನಿಲ್ಲುತ್ತವೆ. ಪಟ್ಟಿ ನೋಡಿ ಎಸ್ ಎಂದು ಬರೆಯಬೇಡಿ. ಕರಗುವಿಕೆ ಪರೀಕ್ಷೆ ಮಾಡಿ: ಕಲಕುವುದು ಎಸ್, ಡಿ ಅಲ್ಲ.

ಹೀಮ್ ಪಕ್ಕ

ಬೀಟಾ 63ರ ಹಿಸ್ಟಿಡೀನ್ ಜಾಗಕ್ಕೆ ಟೈರೋಸೀನ್ ಬಂದರೆ ಎಚ್‌ಬಿ-ಎಂ ಸಸ್ಕಾಟೂನ್. ಟೈರೋಸೀನ್ ಕಬ್ಬಿಣವನ್ನು ಫೆರಿಕ್ (ಆಮ್ಲಜನಕ ಹಿಡಿಯಲಾಗದ) ರೂಪದಲ್ಲೇ ಹಿಡಿದಿಡುತ್ತದೆ, ಕಬ್ಬಿಣವನ್ನು ಮೊದಲಿನ ರೂಪಕ್ಕೆ ತರುವ ಔಷಧಿ ಮೆಥಿಲೀನ್ ಬ್ಲೂ ಕೊಟ್ಟರೂ ಪ್ರಯೋಜನವಿಲ್ಲ.

ಸಂಧಿ

ಎಡವುವುದು ಇಲ್ಲೇ. ಕೆಂಪ್ಸಿ (ಬೀಟಾ 99, ಆಸ್ಪಾರ್ಟೇಟ್ ಬದಲು ಆಸ್ಪರಜೀನ್), ಕಾನ್ಸಸ್ (ಬೀಟಾ 102, ಆಸ್ಪರಜೀನ್ ಬದಲು ಥ್ರಿಯೊನೀನ್): ಎರಡೂ ಆಲ್ಫಾ1-ಬೀಟಾ2 ಸಂಧಿಯಲ್ಲೇ (ಒಂದು ಜೋಡಿಯ ಆಲ್ಫಾ, ಇನ್ನೊಂದು ಜೋಡಿಯ ಬೀಟಾ ತಾಗುವ ಜಾಗ) ಇವೆ, ಎರಡರಲ್ಲೂ ಒಂದು ಹೈಡ್ರೋಜನ್ ಬಂಧ ಹೋಗುತ್ತದೆ, ಪರಿಣಾಮ ಮಾತ್ರ ತದ್ವಿರುದ್ಧ. ‘ಬಂಧ ಮುರಿಯಿತು, ಹಿಡಿತ ಸಡಿಲವಾಯಿತು’ ಎಂದು ಹೊರಟರೆ ಕೆಂಪ್ಸಿಯಲ್ಲಿ ಉತ್ತರ ತಪ್ಪುತ್ತದೆ. ಮುರಿದದ್ದು ಆಮ್ಲಜನಕವನ್ನು ಹಿಡಿಯುವ ಬಂಧವಲ್ಲ, ಒಂದು ಸ್ಥಿತಿಯನ್ನು ನಿಲ್ಲಿಸುವ ಬಂಧ. ಯಾವ ಸ್ಥಿತಿ ಅಂತ ಕೇಳಿ: ಆಮ್ಲಜನಕ ಬಿಟ್ಟುಕೊಡುವ ಟಿ ಸ್ಥಿತಿಯೋ, ಅದನ್ನು ಬಿಗಿಯಾಗಿ ಹಿಡಿಯುವ ಆರ್ ಸ್ಥಿತಿಯೋ?

ಬೀಟಾ 99ರ ಆಸ್ಪಾರ್ಟೇಟ್, ಆಲ್ಫಾ 42ರ ಟೈರೋಸೀನ್ ಜೊತೆ ಬಂಧ ಕಟ್ಟುವುದು ಟಿ ಸ್ಥಿತಿಯಲ್ಲಿ. ಅದು ಹೋದರೆ ಟಿ ನಿಲ್ಲದು, ತಕ್ಕಡಿ ಆರ್ ಕಡೆ ವಾಲುತ್ತದೆ, ಆಮ್ಲಜನಕದ ಮೇಲಿನ ಆಕರ್ಷಣೆ ಏರುತ್ತದೆ, ಪಿ50 (ಹಿಮೋಗ್ಲೋಬಿನ್ ಅರ್ಧ ತುಂಬಲು ಬೇಕಾದ ಆಮ್ಲಜನಕದ ಒತ್ತಡ) ಇಳಿಯುತ್ತದೆ. ರಕ್ತ ಆಮ್ಲಜನಕವನ್ನು ಅಂಗಾಂಶಕ್ಕೆ ಬಿಟ್ಟುಕೊಡದ್ದರಿಂದ ಮೂತ್ರಪಿಂಡ, ಕೆಂಪುಕಣ ಹುಟ್ಟಿಸುವ ಹಾರ್ಮೋನ್ ಎರಿಥ್ರೊಪೊಯೆಟಿನ್ ಹೆಚ್ಚಿಸುತ್ತದೆ, ಕೆಂಪುಕಣಗಳು ಮಿತಿಮೀರುತ್ತವೆ.

ಬೀಟಾ 102ರ ಆಸ್ಪರಜೀನ್, ಆಲ್ಫಾ 94ರ ಆಸ್ಪಾರ್ಟೇಟ್ ಜೊತೆ ಸೇರುವುದು ಆರ್ ಸ್ಥಿತಿಯಲ್ಲಿ. ಅದು ಹೋದರೆ ಟಿ ಗೆಲ್ಲುತ್ತದೆ: ಸಾಮಾನ್ಯವಾಗಿ 26-27 ಮಿ.ಮೀ. ಪಾದರಸ ಇರುವ ಪಿ50 ಸುಮಾರು 70ಕ್ಕೆ ಹಾರುತ್ತದೆ. ಚರ್ಮ ನೀಲಿಗಟ್ಟುತ್ತದೆ, ಆದರೂ ಅಂಗಾಂಶಕ್ಕೆ ಆಮ್ಲಜನಕ ಸಿಗುತ್ತದೆ.

ಸಹಕಾರ (ಒಂದು ಆಮ್ಲಜನಕ ಕೂತರೆ ಮುಂದಿನದಕ್ಕೆ ಕೂರುವುದು ಸುಲಭವಾಗುವುದು) ಎರಡರಲ್ಲೂ ಕುಗ್ಗುತ್ತದೆ. ಅದು ಹುಟ್ಟುವುದೇ ಟಿ-ಆರ್ ನಡುವಿನ ಓಡಾಟದಿಂದ, ಒಂದೇ ಕಡೆ ಕೂತ ಅಣುವಿಗೆ ಓಡಾಟವೆಲ್ಲಿ!

ಇದೇ ಪ್ರಶ್ನೆಯನ್ನು ಭ್ರೂಣದ ಹಿಮೋಗ್ಲೋಬಿನ್‌ಗೂ ಹಾಕಿ. ಬೀಟಾ 143ರಲ್ಲಿ ಹಿಸ್ಟಿಡೀನ್ ಇದ್ದರೆ ಭ್ರೂಣದಲ್ಲಿ ಬೀಟಾ ಬದಲಿಗಿರುವ ಗಾಮಾ ಸರಪಳಿಯಲ್ಲಿ ಸೆರೀನ್ ಇದೆ, ಕೆಂಪುಕಣದೊಳಗಿನ ಸಣ್ಣ ಅಣು 2,3-ಬಿಪಿಜಿ ಸರಿಯಾಗಿ ಕೂರುವುದಿಲ್ಲ. ಬಿಪಿಜಿ ಟಿ ಸ್ಥಿತಿಯ ಆಸರೆ. ಹಾಗಾಗಿ ಭ್ರೂಣದ ರಕ್ತಕ್ಕೆ ತಾಯಿಯದಕ್ಕಿಂತ ಆಕರ್ಷಣೆ ಹೆಚ್ಚು.