ಹುಟ್ಟಿದ ಹೆಸರು ಬಿಟ್ಟು ‘ನೊನ್’ ಆದ ನಟಿ

ಜಪಾನಿ ಲಿಪಿಯಲ್ಲಿ ಬರೀ ಎರಡಕ್ಷರ, ‘ನೊನ್’. ಈ ನಟಿಯ ನಿಜವಾದ ಹೆಸರು ನೋನೆನ್ ರೆನಾ. ಮನೆಯವರು ಇಟ್ಟ ಹೆಸರನ್ನೇ ಯಾಕೆ ಬಿಟ್ಟರು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಗಾಗಿ ಸ್ವಲ್ಪ ಹಿಂದಿನಿಂದಲೇ ಶುರು ಮಾಡೋಣ.

1993ರಲ್ಲಿ ಹ್ಯೋಗೋ ಪ್ರಾಂತ್ಯದಲ್ಲಿ ಹುಟ್ಟಿದ ಇವರು 2006ರಲ್ಲಿ ಹುಡುಗಿಯರ ಫ್ಯಾಷನ್ ಪತ್ರಿಕೆ ‘ನಿಕೋಲಾ’ದ ಸ್ಪರ್ಧೆ ಗೆದ್ದು ಮಾಡೆಲ್ ಆದರು. ಆಮೇಲೆ ಜಾಹೀರಾತು, ಚಿಕ್ಕಪುಟ್ಟ ಪಾತ್ರ.

2013ರಲ್ಲಿ ಜಪಾನಿನ ಸಾರ್ವಜನಿಕ ಟಿವಿ ವಾಹಿನಿ ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿ ‘ಅಮಾಚಾನ್’ ಬಂತು, ನಾಯಕಿ ಇವರೇ. ದಿನಕ್ಕೆ 15 ನಿಮಿಷ, ಒಟ್ಟು 156 ಕಂತು. ಟೋಕಿಯೋದ ಮಂಕು ಹುಡುಗಿಯೊಬ್ಬಳು ಅಮ್ಮನ ಊರಿಗೆ ಬರುತ್ತಾಳೆ. ಉಸಿರು ಬಿಗಿಹಿಡಿದು ಸಮುದ್ರಕ್ಕೆ ಮುಳುಗುವ ಅಜ್ಜಿಯ ಕಸುಬು ಕಲಿಯುತ್ತಾಳೆ. ಆಮೇಲೆ ಹಾಡಿ ಕುಣಿಯುವ ‘ಐಡಲ್’ ಆಗಲು ಹೊರಡುತ್ತಾಳೆ. ಚಿತ್ರೀಕರಣ ನಡೆದ ಇವಾತೆ ಪ್ರಾಂತ್ಯದ ಕುಜಿ, 2011ರ ಸುನಾಮಿಯ ಏಟು ತಿಂದ ಊರು. ಅಲ್ಲಿನ ಕಡಲಂಚಿನಲ್ಲಿ ಆಶ್ಚರ್ಯವಾದರೆ ‘ಜೆಜೆ’ ಅನ್ನುತ್ತಾರೆ, ನಾವು ‘ಅಬ್ಬಬ್ಬಾ’ ಅಂದ ಹಾಗೆ. ಧಾರಾವಾಹಿಯಲ್ಲಿ ಆಶ್ಚರ್ಯ ಹೆಚ್ಚಿದಷ್ಟೂ ‘ಜೆ’ ಜಾಸ್ತಿ. ‘ಜೆಜೆಜೆ’ ದೇಶದ ಬಾಯಲ್ಲೆಲ್ಲ ಓಡಾಡಿತು, ಆ ವರ್ಷದ ಹೊಸ ಮಾತುಗಳ ಪ್ರಶಸ್ತಿಯನ್ನೂ ಪಡೆಯಿತು.

2014ರಲ್ಲಿ ನಾಯಕಿಯಾಗಿ ಎರಡು ಸಿನಿಮಾ. ಆಮೇಲೆ ಸದ್ದೇ ಇಲ್ಲ.

ಗೋಜಲು ಶುರುವಾಗುವುದು ಇಲ್ಲೇ. ಜಪಾನಿನಲ್ಲಿ ಕಲಾವಿದರನ್ನು ಬೆಳೆಸುವುದು, ಕೆಲಸ ಹುಡುಕುವುದು, ಸಂಬಳ ಕೊಡುವುದು ಎಲ್ಲಾ ಏಜೆನ್ಸಿಯೇ. ದುಡ್ಡು ಹಾಕಿದವರಿಗೆ ಹಕ್ಕು ಬೇಡವೇ ಅನ್ನುವ ವಾದವೂ ಇದೆ, ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಬಿಟ್ಟು ಬಂದವರಿಗೆ ಕೆಲಸ ಕೊಡದಿರುವ ಬರೆಯದ ಕಟ್ಟಳೆಯೊಂದು ಬಹಳ ಕಾಲ ನಡೆದುಕೊಂಡು ಬಂದಿತ್ತು. ಏಜೆನ್ಸಿ ಜೊತೆಗಿನ ಇವರ ಕರಾರು ಮುಗಿದಿದೆಯೇ ಇಲ್ಲವೇ ಎಂಬುದರಲ್ಲೇ ಎರಡು ಕಡೆಯ ಮಾತು ಬೇರೆ ಬೇರೆ ಇತ್ತು. ಹುಟ್ಟಿದ ಹೆಸರೇ ಆದರೂ ಬಳಸಲು ಅನುಮತಿ ಬೇಕು ಎಂಬ ಮಾತು ಬಂತು. 2016ರ ಜುಲೈನಲ್ಲಿ ಅವರು ‘ನೊನ್’ ಆದರು.

ಅದೇ ನವೆಂಬರ್‌ನಲ್ಲಿ ಕಟಬುಚಿ ಸುನಾವೊ ನಿರ್ದೇಶಿಸಿದ ಅನಿಮೇಷನ್ ಸಿನಿಮಾವೊಂದು ಬಿಡುಗಡೆಯಾಯಿತು. ಯುದ್ಧಕಾಲದ ಕುರೆ ಪಟ್ಟಣಕ್ಕೆ ಮದುವೆಯಾಗಿ ಬರುವ ಸುಝು ಎಂಬ ಹುಡುಗಿಯ ಕತೆ. ಅದಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ಚಂದಾ ಹಾಕಿದ್ದರು. ಮೊದಲಿಗೆ ಸಿಕ್ಕಿದ್ದು 63 ಥಿಯೇಟರ್ ಮಾತ್ರ. ಹಿರೋಶಿಮಾದ ಆಡುಮಾತಿನಲ್ಲಿ, ಏನೋ ಮರೆತವಳಂತೆ ನಿಧಾನಕ್ಕೆ ಮಾತಾಡುವ ಸುಝುಗೆ ದನಿ ಕೊಟ್ಟಿದ್ದು ನೊನ್. ಆ ದನಿ ಇಲ್ಲದೆ ಆ ಸಿನಿಮಾ ನನಗಂತೂ ಊಹಿಸಲಾಗದು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಥಿಯೇಟರ್‌ಗಳು ಹೆಚ್ಚಿದವು, ಪ್ರಶಸ್ತಿಗಳು ಬಂದವು. ಟಿವಿಯಲ್ಲಿ ಮಾತ್ರ ಅವರ ಮುಖ ಕಾಣಿಸಿದ್ದು ಅಪರೂಪ. ಕರೆಯಬೇಡಿ ಅಂತ ಯಾರೂ ಹೇಳಿರಲಿಲ್ಲ ಅನ್ನಿ. ಹಾಗೆ ಹೇಳಲೇಬೇಕು ಅಂತೇನೂ ಇಲ್ಲ, ಅಲ್ವಾ?

2017ರಲ್ಲಿ ತಮ್ಮದೇ ಮ್ಯೂಸಿಕ್ ಲೇಬಲ್ ತೆರೆದು, ಗಿಟಾರ್ ಹಿಡಿದು ಹಾಡತೊಡಗಿದರು. ಮರುವರ್ಷ ಆಲ್ಬಂ ಬಂತು.

ಇತ್ತ ಕಾನೂನು ಕೂಡ ನಿಧಾನವಾಗಿ ಕದಲಿತು. ಕಲಾವಿದರ ಕರಾರುಗಳಿಗೂ ಏಕಸ್ವಾಮ್ಯ ತಡೆ ಕಾಯ್ದೆ ಅನ್ವಯಿಸಬಹುದು ಎಂದು 2018ರಲ್ಲಿ ಜಪಾನಿನ ನ್ಯಾಯಯುತ ವ್ಯಾಪಾರ ಆಯೋಗದ ತಜ್ಞರ ಸಮಿತಿ ಹೇಳಿತು. 2022ರ ಡಿಸೆಂಬರ್‌ನಲ್ಲಿ ಬೇರೊಬ್ಬ ಗಾಯಕಿಯ ಪ್ರಕರಣ ತೀರ್ಮಾನವಾಯಿತು. ಏಜೆನ್ಸಿ ಬಿಟ್ಟ ಮೇಲೂ ರಂಗನಾಮ ಬಳಸದಂತೆ ತಡೆಯುವ ಷರತ್ತು ಊರ್ಜಿತವಲ್ಲ ಎಂದಿತು ಟೋಕಿಯೋ ಜಿಲ್ಲಾ ನ್ಯಾಯಾಲಯ.

ನೊನ್ ತಾವೇ ಬರೆದು, ನಿರ್ದೇಶಿಸಿ, ನಟಿಸಿದ ಸಿನಿಮಾ ‘ರಿಬ್ಬನ್’ ತೆರೆಗೆ ಬಂದದ್ದೂ ಅದೇ ವರ್ಷ. ಮೂರೂ ಕೆಲಸದ ಮುಂದೆ ಇದ್ದದ್ದು ಆ ಎರಡಕ್ಷರವೇ.