‘ಡಬಲ್ ವಿ’: ಎರಡನೇ ಗೆಲುವು ಎಲ್ಲಿ?

ಎರಡನೇ ಮಹಾಯುದ್ಧದ ಫೋಟೊಗಳಲ್ಲಿ ಜನ ಎರಡು ಬೆರಳೆತ್ತಿ ‘ವಿ’ ತೋರಿಸುವುದನ್ನು ನೋಡಿರುತ್ತೀರಿ. ವಿ ಅಂದರೆ ವಿಕ್ಟರಿ, ಗೆಲುವು. ಅಮೆರಿಕದ ಕಪ್ಪು ಜನ ಅದರ ಪಕ್ಕ ಇನ್ನೊಂದು ವಿ ಇಟ್ಟರು. ಅದೇ ‘ಡಬಲ್ ವಿ’.

ಹುಟ್ಟಿದ್ದು ಒಬ್ಬ ಓದುಗನ ಪತ್ರದಿಂದ. ‘ಪಿಟ್ಸ್‌ಬರ್ಗ್ ಕೊರಿಯರ್’ ಕಪ್ಪು ಜನರ ವಾರಪತ್ರಿಕೆ. 1942ರ ಜನವರಿ 31ರಂದು ಅದರಲ್ಲಿ ಕ್ಯಾನ್ಸಸ್‌ನ ವಿಚಿಟಾ ಊರಿನ ಜೇಮ್ಸ್ ಥಾಂಪ್ಸನ್ ಬರೆದ ಪತ್ರ ಅಚ್ಚಾಯಿತು. ಅವರಿಗೆ ಆಗ 26 ವರ್ಷ. ಅರ್ಧ ಅಮೆರಿಕನ್ ಆಗಿ ಬದುಕಲಿಕ್ಕೆ ನಾನು ಪ್ರಾಣ ಕೊಡಬೇಕಾ ಅನ್ನುವುದು ಅವರ ಪ್ರಶ್ನೆ. ಒಂದು ವಿ ಹೊರಗಿನ ಶತ್ರುವಿನ ಮೇಲೆ, ಇನ್ನೊಂದು ಒಳಗಿನ ವರ್ಣಭೇದದ ಮೇಲೆ ಇರಲಿ ಎಂದರು. ಮುಂದಿನ ವಾರವೇ ಪತ್ರಿಕೆ ಅದನ್ನು ಚಳವಳಿ ಮಾಡಿತು. ಹೊರಗೂ ಗೆಲುವು, ಮನೆಯಲ್ಲೂ ಗೆಲುವು.

ಇಲ್ಲಿ ‘ಮನೆ’ ಅಂದರೆ ದೇಶ. ಆದರೆ ಯುದ್ಧ ಮುಗಿಸಿ ಬಂದ ಹುಡುಗರಿಗೆ ಅದು ನಿಜಕ್ಕೂ ಅಪ್ಪ ಅಮ್ಮನ ಮನೆಯ ಬಾಗಿಲೇ ಆಯಿತು.

ಮುಂದೆ ನಾಗರಿಕ ಹಕ್ಕುಗಳ ಹೋರಾಟಗಾರರಾದ ಮೆಡ್ಗರ್ ಎವರ್ಸ್ ಅವರನ್ನೇ ನೋಡಿ. 1943ರಲ್ಲಿ ಹೈಸ್ಕೂಲು ಬಿಟ್ಟು ಸೇನೆ ಸೇರಿದರು. ಆಗ ಸೇನೆಯಲ್ಲೂ ಕಪ್ಪು ಸೈನಿಕರ ತುಕಡಿಗಳೇ ಬೇರೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ದುಡಿದು, 1946ರಲ್ಲಿ ಮಿಸಿಸಿಪಿ ರಾಜ್ಯದ ತಮ್ಮೂರು ಡಿಕೇಟರ್‌ಗೆ ವಾಪಸಾದರು. ನಾವು ‘ನಿವೃತ್ತ ಯೋಧ’ ಎಂದರೆ ಪಿಂಚಣಿ ತೆಗೆದುಕೊಳ್ಳುವ ಅಜ್ಜ ಕಣ್ಮುಂದೆ ಬರುತ್ತಾರೆ, ಅಲ್ವಾ? ಇವರಿಗಿನ್ನೂ 21 ತುಂಬಿರಲಿಲ್ಲ.

ಅಣ್ಣ ಚಾರ್ಲ್ಸ್ ಮತ್ತು ಕೆಲವು ಗೆಳೆಯರ ಜೊತೆ ಮತದಾರರ ಪಟ್ಟಿಗೆ ಹೆಸರು ಬರೆಸಿದರು. ಅಷ್ಟಕ್ಕೇ ಬಿಳಿಯರು ರಾತ್ರಿ ಹೊತ್ತು ಮನೆಗೆ ಬರತೊಡಗಿದರು. ಮಾತು ಹುಡುಗರ ಜೊತೆಗಲ್ಲ, ಹೆತ್ತವರ ಜೊತೆ: ನಿಮ್ಮ ಮಕ್ಕಳಿಗೆ ಬುದ್ಧಿ ಹೇಳಿ. ಬಂದೂಕಿಗಿಂತ ಈ ಒತ್ತಡ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗನ್ನಿಸುತ್ತದೆ. ಜರ್ಮನರಿಗೆ ಹೆದರದವನೂ ಅಮ್ಮನ ಮುಖ ನೋಡಿ ಸುಮ್ಮನಾಗಬಹುದು. ಇವರು ಸುಮ್ಮನಾಗಲಿಲ್ಲ. ಜುಲೈ 2, ಮೆಡ್ಗರ್ ಅವರ 21ನೇ ಹುಟ್ಟುಹಬ್ಬ. ಅವತ್ತೇ ವೋಟು ಹಾಕಲು ಹೋದರು. ಆಯುಧ ಹಿಡಿದ ಬಿಳಿಯರ ಗುಂಪು ಅಡ್ಡ ನಿಂತಿತು. ವೋಟು ಹಾಕದೆ ಹಿಂದಿರುಗಿದರು.

ಕೆಲವರಿಗೆ ಮನೆ ಮುಟ್ಟಲೂ ಆಗಲಿಲ್ಲ. ಅದೇ ವರ್ಷ ಫೆಬ್ರುವರಿ 12ರಂದು ಸೇನೆಯಿಂದ ಬಿಡುಗಡೆಯಾದ ಐಸಾಕ್ ವುಡರ್ಡ್ ಸಮವಸ್ತ್ರದಲ್ಲೇ ಬಸ್ಸು ಹತ್ತಿ ಹೆಂಡತಿಯನ್ನು ಕಾಣಲು ಹೊರಟಿದ್ದರು. ದಕ್ಷಿಣ ಕೆರೊಲಿನಾದಲ್ಲಿ ಪೊಲೀಸರು ಅವರನ್ನು ಬಸ್ಸಿನಿಂದಿಳಿಸಿ ಹೊಡೆದರು. ಎರಡೂ ಕಣ್ಣು ಹೋದವು. ಬರೀ ಬಿಳಿಯರೇ ಇದ್ದ ಜ್ಯೂರಿ ಆರೋಪಿ ಪೊಲೀಸ್ ಮುಖ್ಯಸ್ಥನನ್ನು ಬಿಟ್ಟುಬಿಟ್ಟಿತು. ಈ ಸುದ್ದಿ ಅಧ್ಯಕ್ಷ ಟ್ರೂಮನ್ ಅವರನ್ನೂ ಅಲುಗಾಡಿಸಿತು. 1948ರ ಜುಲೈನಲ್ಲಿ, ಸೇನೆಯಲ್ಲಿ ಬಣ್ಣ ನೋಡಿ ಭೇದ ಮಾಡಬಾರದೆಂದು ಅವರು ಆದೇಶ ಹೊರಡಿಸಿದರು.

ಎವರ್ಸ್ ಮುಂದೆ ಓದಿ, ಮಿಸಿಸಿಪಿಯಲ್ಲೇ ಇದ್ದು ನಾಗರಿಕ ಹಕ್ಕುಗಳಿಗಾಗಿ ಓಡಾಡಿದರು. 1963ರ ಜೂನ್ 12ರ ನಡುರಾತ್ರಿ ಕಳೆದು ಮನೆಗೆ ಬಂದು ಕಾರಿನಿಂದ ಇಳಿದಾಗ ಒಬ್ಬ ಬಿಳಿಯ ಅವರನ್ನು ಗುಂಡಿಟ್ಟು ಕೊಂದ. ಯೋಧರನ್ನು ಹೂಳುವ ಆರ್ಲಿಂಗ್ಟನ್ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾನೂನು ಬಂದದ್ದು ಅದಾದ ಮೇಲೆ, 1965ರಲ್ಲಿ.